ಅಂಟಿನ ಬೀಜ

ಈಚೆಗೆ ಒಂದು ದಿನ ಮಾನ್ವಿಯ ನಮ್ಮ ಶಾಲೆಯಲ್ಲಿ ಎಂಟನೇ ತರಗತಿಗೆ ರಾಯಚೂರು ಕೋಟೆಯ ವಿಷಯ ಹೇಳುತ್ತಿದ್ದೆ. ಹಿಂದಿನ ಸಾಲಿನಲ್ಲಿ ಗುಸುಗುಸು ಕೇಳಿಸಿತು. ಹೋಗಿ ನೋಡಿದರೆ ಹುಡುಗನೊಬ್ಬನ ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಚಪ್ಪಲಿಯ ಕಿತ್ತುಹೋದ ಉಂಗುಟ ಅಂಟಿಸಲು ಫೆವಿಕ್ವಿಕ್ ತಂದಿದ್ದನಂತೆ. ಪಾಠ ನಿಲ್ಲಿಸಿ ಅವನನ್ನು ಬಿಸಿಯೂಟದ ಕೋಣೆಗೆ ಕರೆದುಕೊಂಡು ಹೋದೆ. ಅಡುಗೆಯಾಕೆ ಕೊಟ್ಟ ಬೆಚ್ಚನೆಯ ಸಾಬೂನು ನೀರಿನಲ್ಲಿ ಕೈ ಅದ್ದಿ ಕೂಡಿಸಿದೆ. ಕಣ್ಣಲ್ಲಿ ನೀರು ತುಂಬಿಕೊಂಡಿದ್ದರೂ ಹುಡುಗ ಸುಮ್ಮನಿರಲಿಲ್ಲ.

"ಅಕ್ಕೋರ, ಬೆರಳಿಗೆ ಹತ್ತಿದ ಕೂಡ್ಲೆ ಗಟ್ಟಿ ಆತು. ಮತ್ತ ಟ್ಯೂಬಿನೊಳಗ ಯಾಕ ಗಟ್ಟಿ ಆಗಂಗಿಲ್ಲ?"

ನಾನು ಸಮಾಜ ವಿಜ್ಞಾನದ ಶಿಕ್ಷಕಿ. ಇಸವಿ, ರಾಜರು, ಒಪ್ಪಂದ ಕೇಳಿದರೆ ಹೇಳಿಯೇನು. ಇದಕ್ಕೆ ತಕ್ಷಣ ಉತ್ತರ ಹೊಳೆಯಲಿಲ್ಲ. "ವಿಜ್ಞಾನದ ಸರ್‌ನ ಕೇಳು" ಎಂದು ಹೇಳಿ ಕಳಿಸಿದೆ. ಆದರೆ ಸಂಜೆ ಮನೆಗೆ ಬಂದು ಕೂತಾಗ ನೆನಪಾಯಿತು, ಇದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ನಾನು ಬಾಲ್ಯವೆಲ್ಲ ಕೇಳಿಕೊಂಡೇ ಬೆಳೆದವಳು. ಕೇಳುತ್ತಿದ್ದವರು ನನ್ನ ಅಪ್ಪ.

ಅಪ್ಪ ಜಿಲ್ದು ಕಟ್ಟುವವರು. ರಾಯಚೂರಿನಲ್ಲಿ ತೀನ್ ಕಂದಿಲಿನಿಂದ ಸ್ವಲ್ಪ ದೂರದ ಓಣಿಯಲ್ಲಿ ಒಂದು ಕಿರಿದಾದ ಅಂಗಡಿ. ಒಂದು ಕಡೆ ಪುಸ್ತಕ ಒತ್ತುವ ಮರದ ಶಿಕಂಜಿ, ಇನ್ನೊಂದು ಕಡೆ ರಟ್ಟು, ಖಾದಿ ಬಟ್ಟೆ, ದಾರದ ಉಂಡೆ. ನಿಜಾಮರ ಕಾಲದಲ್ಲಿ ಹುಡುಗನಾಗಿದ್ದಾಗಲೇ ಒಬ್ಬ ಉಸ್ತಾದರ ಕೈಕೆಳಗೆ ಕೆಲಸ ಕಲಿತಿದ್ದರು. ಆಗಿನ ಕಚೇರಿಯ ದಫ್ತರಗಳೆಲ್ಲ ಉರ್ದುವಿನಲ್ಲಿ. ಉರ್ದು ಬಲದಿಂದ ಎಡಕ್ಕೆ ಹೋಗುವ ಬರಹ, ಆದ್ದರಿಂದ ಪುಸ್ತಕದ ಬೆನ್ನು ಬಲಗಡೆಗೆ ಬರುತ್ತದೆ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, 1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಕಚೇರಿಗಳಲ್ಲಿ ನಿಧಾನವಾಗಿ ಕನ್ನಡ ಬಂತು. "ಸರ್ಕಾರ ಬದಲಾದದ್ದು ನನಗ ತಿಳಿದಿದ್ದು ಹಿಂಗವ್ವ, ಪುಸ್ತಕದ ಬೆನ್ನು ಬಲದಿಂದ ಎಡಕ್ಕ ಬಂತು" ಎಂದು ಅಪ್ಪ ನಗುತ್ತಿದ್ದರು. ರಾಜ್ಯ ಪುನರ್ವಿಂಗಡಣೆಯ ಪಾಠ ಮಾಡುವಾಗ ಈ ಮಾತನ್ನು ನಾನು ಇವತ್ತಿಗೂ ಹೇಳುತ್ತೇನೆ.

ಶಾಲೆ ಬಿಟ್ಟ ಮೇಲೆ ಅಂಗಡಿಗೆ ಹೋಗಿ ಅಂಟು ತಿರುವುವುದು ನನ್ನ ಕೆಲಸ. ಅದನ್ನು ನಮ್ಮ ಮನೆಯಲ್ಲಿ ಖಳ ಎನ್ನುತ್ತಿದ್ದರು, ಉಸ್ತಾದರ ಮಾತಿನಲ್ಲಿ ಲೇಯಿ. ಮೈದಾ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಬೇಕು. ಆಮೇಲೆ ಸಣ್ಣ ಉರಿಯ ಮೇಲಿಟ್ಟು ಕೈ ಬಿಡದೆ ತಿರುವಬೇಕು. ಬೆಳ್ಳಗಿದ್ದದ್ದು ಒಂದು ಹದಕ್ಕೆ ಬಂದಾಗ ಇದ್ದಕ್ಕಿದ್ದಂತೆ ಮಂದವಾಗಿ, ಗಂಜಿಯ ಹಾಗೆ ಹೊಳಪು ಬಂದು, ಸೌಟಿಗೆ ಜೋತುಬೀಳುತ್ತದೆ. ಆಗ ಚಿಟಿಕೆ ಮೈಲುತುತ್ತ ಹಾಕಿ ಇಳಿಸುವುದು. ಮೈಲುತುತ್ತ ಹಾಕಿದರೆ ಬೂಷ್ಟು ಬರುವುದಿಲ್ಲ, ಹುಳ ಮುಟ್ಟುವುದಿಲ್ಲ. ಅದು ವಿಷ. ಕೈ ತೊಳೆಯದೆ ಒಂದು ಶೇಂಗಾ ಕಾಳು ಬಾಯಿಗೆ ಹಾಕಿದರೂ ಅಪ್ಪ ಬೈಯುತ್ತಿದ್ದರು.

ಅವರ ಜಗಳವೆಲ್ಲ ಆ ಗಡಿಗೆಯ ಜೊತೆ. ಮಳೆಗಾಲದಲ್ಲಿ ಹಚ್ಚಿದ ಅಂಟು ಮೂರು ದಿನವಾದರೂ ಒಣಗದು, ಅಷ್ಟರಲ್ಲಿ ರಟ್ಟು ಸೊಟ್ಟಗಾಗುತ್ತಿತ್ತು. ಏಪ್ರಿಲ್ ಬಂತೆಂದರೆ ಕುಂಚ ಎತ್ತಿ ಪುಸ್ತಕಕ್ಕೆ ತರುವುದರೊಳಗೆ ಗಡಿಗೆಯ ಮೇಲೆ ಕೆನೆ ಕಟ್ಟುತ್ತಿತ್ತು. ನೀರು ಕಡಿಮೆ ಮಾಡಿದರೆ ಲಗೂನೆ ಒಣಗುತ್ತದೆ, ಆದರೆ ಗಡಿಗೆಯಲ್ಲೇ ಗಂಟಾಗುತ್ತದೆ. ನೀರು ಹೆಚ್ಚಿಸಿದರೆ ಗಡಿಗೆಯಲ್ಲಿ ಚೆಂದ, ಹಾಳೆಯ ಮೇಲೆ ಹಸಿ ಹಸಿ. "ಪುಸ್ತಕದ ಮ್ಯಾಲೆ ಲಗೂನ ಒಣಗಬೇಕು, ಗಡಿಗ್ಯಾಗ ಒಣಗಬಾರದು. ಎರಡೂ ಬೇಕಂದ್ರ ಹೆಂಗ?" ಎಂದು ತಮ್ಮಷ್ಟಕ್ಕೇ ಕೇಳಿಕೊಳ್ಳುವರು. ಕೊನೆಗೆ ಅವರು ಕಂಡುಕೊಂಡ ದಾರಿ ಉಸ್ತಾದರು ಹೇಳಿಕೊಟ್ಟದ್ದೇ. "ಅಂಟು ಕೂಡಿಡಬ್ಯಾಡ, ಅಂಟಿನ ಬೀಜ ಕೂಡಿಡು." ಹಿಟ್ಟು ಒಣಗಿದ್ದರೆ ತಿಂಗಳುಗಟ್ಟಲೆ ಇರುತ್ತದೆ. ಕುದಿಸಿದ ಮೇಲೆ ಅದರ ಆಯುಷ್ಯ ಮುಗಿಯುತ್ತ ಬಂತು ಎಂದೇ ತಿಳಿ. ಆ ದಿನಕ್ಕೆ ಬೇಕಾದಷ್ಟನ್ನು ಆ ದಿನವೇ ಮಾಡು. ಮೈಲುತುತ್ತವೆಲ್ಲ ಕೆಲಸ ಮುಗಿಯದೆ ಉಳಿದ ದಿನಗಳಿಗೆ.

ಅಪ್ಪ ತೀರಿಕೊಂಡು ಇಪ್ಪತ್ತೈದು ವರ್ಷದ ಮೇಲಾಯಿತು. ಹುಡುಗನ ಪ್ರಶ್ನೆಯ ನೆವದಿಂದ ನಮ್ಮ ಸುತ್ತಿನ ಅಂಟುಗಳ ಚರಿತ್ರೆಯನ್ನು ಹುಡುಕಿಕೊಂಡು ಹೋದಾಗ, ಉಸ್ತಾದರ ಆ ಒಂದು ಮಾತನ್ನು ಎಷ್ಟು ಜನ, ಎಷ್ಟು ಕಾಲದಲ್ಲಿ, ತಾವೇ ಕಂಡುಕೊಂಡಿದ್ದಾರೆ ಎಂದು ಆಶ್ಚರ್ಯವಾಯಿತು.

ನಾನು ಅಂದು ಅರ್ಧಕ್ಕೆ ಬಿಟ್ಟ ಪಾಠದಿಂದಲೇ ಶುರು ಮಾಡುತ್ತೇನೆ. ರಾಯಚೂರಿನ ಒಳಕೋಟೆ 1294ರದು. ಕಾಕತೀಯರ ಕಾಲದಲ್ಲಿ ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದ್ದೆಂದು ಕೋಟೆಯ ಗೋಡೆಯಲ್ಲಿರುವ ಶಾಸನ ಹೇಳುತ್ತದೆ. ಆ ಶಾಸನದ ಕಲ್ಲು ನಲವತ್ತೊಂದು ಅಡಿಗೂ ಉದ್ದ. ಅದನ್ನು ಬಂಡಿಯ ಮೇಲೆ ಹೇರಿ, ಕೋಣಗಳನ್ನು ಹೂಡಿ ಎಳೆಸಿದ ಚಿತ್ರವನ್ನೂ ಗೋಡೆಯ ಮೇಲೆ ಕೊರೆದಿದ್ದಾರೆ. ಮಕ್ಕಳು ಕಲ್ಲಿನ ಉದ್ದ ನೋಡಿ ಬೆರಗಾಗುತ್ತಾರೆ. ನಾನು ಅವರಿಗೆ ಕಲ್ಲುಗಳ ಸಂದು ತೋರಿಸುತ್ತೇನೆ. ಒಳಗೋಡೆಯ ಆ ದೊಡ್ಡ ಕಲ್ಲುಗಳ ನಡುವೆ ಗಚ್ಚು ಇಲ್ಲ. ಕಲ್ಲನ್ನು ಕಲ್ಲಿಗೆ ಸರಿಯಾಗಿ ಹೊಂದುವಂತೆ ಕೆತ್ತಿ, ಭಾರದ ಮೇಲೆ ಭಾರ ಕೂಡಿಸಿದ್ದಾರೆ. ಅಂಟೇ ಇಲ್ಲದಿದ್ದರೆ ಅದು ಕೆಡುವ ಮಾತೂ ಇಲ್ಲ. ಆದರೆ ಅದಕ್ಕೆ ನಲವತ್ತು ಅಡಿಯ ಕಲ್ಲು, ಅಷ್ಟು ಕೋಣ, ಅಷ್ಟು ಜನ ಬೇಕು. ಎಲ್ಲರಿಗೂ ಸಾಧ್ಯವಾದ ದಾರಿಯಲ್ಲ.

ಉಳಿದವರು ಸುಣ್ಣಕ್ಕೆ ಬಂದರು. ಸುಣ್ಣದ ಗಚ್ಚು ಗಟ್ಟಿಯಾಗುವುದು ಒಣಗಿ ಅಲ್ಲ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣಕಲ್ಲಾಗಿ. ದಪ್ಪ ಗೋಡೆಯ ಹೊಟ್ಟೆಯೊಳಗೆ ಗಾಳಿ ಹೋಗುವುದು ಯಾವಾಗ? ವರ್ಷಗಟ್ಟಲೆ ಒಳಗೆ ಮೆತ್ತಗೇ ಇರುತ್ತದೆ. ನೀರೊಳಗಂತೂ ಗಟ್ಟಿಯಾಗುವುದೇ ಇಲ್ಲ. ಇದಕ್ಕೆ ಹಳೆಯ ಉಪ್ಪಾರರು ಕಂಡುಕೊಂಡ ಉಪಾಯ ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ. ಸುಟ್ಟ ಮಣ್ಣು ಸುಣ್ಣದೊಡನೆ ನೀರಿನಲ್ಲಿ ಸೇರಿ ತಾನೇ ಬಿಗಿಯುತ್ತದೆ, ಗಾಳಿಗೆ ಕಾಯುವುದಿಲ್ಲ. ಗಾರೆಯ ಗಾಣದಲ್ಲಿ ಎತ್ತು ಕಟ್ಟಿ ಅರೆದ ಸುಣ್ಣ–ಸುರ್ಕಿಯ ಗಚ್ಚು ನೀರಿನ ಕಟ್ಟಡಗಳಿಗೆ ಬಂದದ್ದು ಹೀಗೆ.

ಇಲ್ಲಿ ಕೂಡಿಡುವ ವಿಚಾರ ನೋಡಿ. ಸುಟ್ಟ ಸುಣ್ಣವನ್ನು ಹಾಗೇ ಬಿಟ್ಟರೆ ಗಾಳಿಯ ತೇವಕ್ಕೆ ಅರಳಿ ಕೆಡುತ್ತದೆ. ಅರಳಿಸಿ ಗುಂಡಿಯಲ್ಲಿ ನೀರು ಮುಚ್ಚಿ ಇಟ್ಟರೆ ವರ್ಷ ಕಳೆದರೂ ಕೆಡದು, ಇನ್ನೂ ನುಣುಪಾಗುತ್ತದೆ. ಸುರ್ಕಿ ಒಣಗಿದ್ದರೆ ಎಷ್ಟು ದಿನವಾದರೂ ಸರಿ. ಆದರೆ ಎರಡನ್ನೂ ಕಲಸಿದ ಮೇಲೆ ಬಹಳ ಹೊತ್ತು ಇಡುವಂತಿಲ್ಲ. ಬೇರೆ ಬೇರೆ ಇದ್ದಾಗ ಬೀಜ, ಕೂಡಿದಾಗ ಅಂಟು.

ಮಾನ್ವಿಯಲ್ಲಿ ನನ್ನ ಅತ್ತೆಯ ಮನೆಯವರಿಗೆ ಎಡದಂಡೆ ಕಾಲುವೆಯ ನೀರು ಬರುವ ನಾಲ್ಕು ಎಕರೆ ಹೊಲವಿದೆ. ಆ ನೀರನ್ನು ಹಿಡಿದು ನಿಲ್ಲಿಸಿರುವ ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಯಿತು, ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ಕೂಡಿ ಕಟ್ಟಿದ್ದು. 1953ರಲ್ಲಿ ನೀರು ನಿಂತಿತು. ಸಿಮೆಂಟು ಬಂದ ಕಾಲದಲ್ಲೂ ಕಲ್ಲಿನ ಆ ಕಟ್ಟಡಕ್ಕೆ ಬಹುಮಟ್ಟಿಗೆ ಬಳಸಿದ್ದು ಸುಣ್ಣ–ಸುರ್ಕಿಯ ಗಚ್ಚನ್ನೇ. ನಿಧಾನವಾಗಿ ಬಿಗಿಯುವ ಗಚ್ಚು ಅದು, ಬಿಗಿದ ಮೇಲೆ ಎಪ್ಪತ್ತು ವರ್ಷದಿಂದ ನೀರು ಹಿಡಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ನಮ್ಮ ಕಡೆ ಯಾರಿಗೂ ನಿದ್ದೆ ಇರಲಿಲ್ಲ. ನಾಟಿ ಮಾಡಿದ ಭತ್ತದ ಗತಿ ಏನು ಎಂದು ಮಾವನವರು ಬೆಳಗಿನ ತನಕ ಅಂಗಳದಲ್ಲಿ ಅಡ್ಡಾಡಿದರು. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂಡಿಸಿ ನೀರು ನಿಲ್ಲಿಸಿದರು. ಆಮೇಲೆ ಯೋಚಿಸಿದರೆ, ಅಂದು ಹರಿದದ್ದು ಕಬ್ಬಿಣದ ಸರಪಳಿ. ಸುಣ್ಣ–ಸುರ್ಕಿಯ ಗೋಡೆ ನಿಂತೇ ಇತ್ತು.

ಸಿಮೆಂಟಿನದೂ ಇದೇ ಕಥೆ. ಬಿಗಿಯುವ ವೇಗ ಅದರಲ್ಲಿ ಎಷ್ಟೆಂದರೆ, ಕಾರ್ಖಾನೆಯಲ್ಲಿ ಅರೆಯುವಾಗಲೇ ಸ್ವಲ್ಪ ಜಿಪ್ಸಂ ಹಾಕಿ ಅದನ್ನು ತಡೆಯುತ್ತಾರೆ. ಇಲ್ಲದಿದ್ದರೆ ನೀರು ಹಾಕಿದ ಸ್ವಲ್ಪ ಹೊತ್ತಿಗೇ ಕರಣೆಗೆ ಬಾರದಂತಾಗುತ್ತದೆ. ಚೀಲದಲ್ಲಿಟ್ಟರೆ ಗಾಳಿಯ ತೇವ ಕುಡಿದು ಕಸುವು ಕಳೆದುಕೊಳ್ಳುತ್ತದೆ. ಮೂರು ತಿಂಗಳು ದಾಟಿದ ಸಿಮೆಂಟನ್ನು ಮತ್ತೆ ಪರೀಕ್ಷೆ ಮಾಡದೆ ಬಳಸಬಾರದು ಎನ್ನುತ್ತಾರೆ. 1985ರಲ್ಲಿ ಶುರುವಾದ ನಮ್ಮ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಲ್ಲಿ ಕಲ್ಲಿದ್ದಲು ಉರಿದು ಬರುವ ಹಾರುಬೂದಿಯೂ ಒಂದು ಬಗೆಯ ಸುರ್ಕಿಯೇ. ಇಂಥ ಬೂದಿ ಬೆರೆಸಿದ ಸಿಮೆಂಟು ಮೊದಮೊದಲು ನಿಧಾನ, ದಿನ ಕಳೆದಂತೆ ಗಟ್ಟಿ.

ಇನ್ನು ಕಿನ್ನಾಳ. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಗುವ ತನಕ ಅದು ನಮ್ಮ ರಾಯಚೂರು ಜಿಲ್ಲೆಯ ಊರೇ. ಅಲ್ಲಿಯ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆ, ದೇವರ ಮೂರ್ತಿ ಮಾಡುತ್ತಾರೆ. ತುಂಡುಗಳನ್ನು ಕೂಡಿಸಿ, ಸಂದು ಮುಚ್ಚಿ, ಮೈಯನ್ನು ನುಣುಪು ಮಾಡಲು ಹುಣಸೆ ಬೀಜದ ಅಂಟು. ಗೋಣಿನಾರನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ ಆ ಅಂಟಿನಲ್ಲಿ ಕಲಸಿದರೆ ಅದು ಕಿಟ್ಟ. ಕಿಟ್ಟ ಬಳಿದು, ಅದರ ಮೇಲೆ ಹತ್ತಿ ಬಟ್ಟೆಯ ಚೂರು ಅಂಟಿಸಿ, ಬೆಣಚುಕಲ್ಲಿನ ಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ. ಹುಣಸೆ ಬೀಜ ಸಿಪ್ಪೆಯೊಳಗಿದ್ದರೆ ವರ್ಷಗಟ್ಟಲೆ ಏನೂ ಆಗದು. ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು ಬೇಯಿಸಿದರೆ ಒಂದೆರಡು ದಿನಕ್ಕೆ ಹುಳಿ ಹಿಡಿಯುತ್ತದೆ. ಇಲ್ಲಿ ಉಸ್ತಾದರ ಮಾತು ಅಕ್ಷರಶಃ ನಿಜ, ಕೂಡಿಡುವುದು ಬೀಜವನ್ನೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಗಂಜಿಹಿಟ್ಟಿಗೆ ಬರ ಬಂದಾಗ ಗಿರಣಿಗಳವರು ನೂಲಿಗೆ ಗಂಜಿ ಹಾಕಲು ಇದೇ ಬೀಜದ ಪುಡಿಗೆ ಕೈಹಾಕಿದರು. ನಾವು ತಿಪ್ಪೆಗೆ ಎಸೆಯುತ್ತಿದ್ದ ಬೀಜಕ್ಕೆ ಅಂದಿನಿಂದ ಬೆಲೆ ಬಂತು.

ಅಪ್ಪನ ಅಂಗಡಿಯ ಎದುರಿನ ಬಡಿಗೇರ ಕಾಕಾನ ಬಳಿ ಸರೇಸು ಇರುತ್ತಿತ್ತು. ಕೆಲವು ಕಡೆ ಅದನ್ನು ಮರವಜ್ರ ಎನ್ನುತ್ತಾರೆ. ದನದ ತೊಗಲು, ಎಲುಬು ಕುದಿಸಿ ಮಾಡುವ ಅಂಟು. ಒಣಗಿದ ತುಂಡುಗಳಾಗಿ ಬಿಲ್ಲೆ ಬೆಲ್ಲದಂತೆ ಬರುತ್ತಿತ್ತು, ಎಷ್ಟು ವರ್ಷವಾದರೂ ಕೆಡುತ್ತಿರಲಿಲ್ಲ. ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು, ನೇರ ಉರಿಗೆ ಇಡುವಂತಿಲ್ಲ. ಅದರ ನಾತಕ್ಕೆ ನಾವು ಮೂಗು ಮುಚ್ಚಿಕೊಂಡು ಓಡುತ್ತಿದ್ದೆವು. ಅದಕ್ಕೆ ಎರಡು ಹಿಡಿತ. ಆರುತ್ತಿದ್ದಂತೆ ತಕ್ಷಣ ಒಂದು ಹಿಡಿತ, ನೀರು ಪೂರ್ತಿ ಹೋದ ಮೇಲೆ ಇನ್ನೊಂದು. ಆದರೆ ಕರಗಿಸಿಟ್ಟರೆ ನಮ್ಮ ಸೆಕೆಗೆ ಎರಡೇ ದಿನದಲ್ಲಿ ಕೊಳೆಯುತ್ತಿತ್ತು. ಕಾಕಾನೂ ಹಾಗಾಗಿ ಬೇಕಾದಷ್ಟನ್ನೇ ನೆನೆಹಾಕುತ್ತಿದ್ದ.

ನಾನು ಮೇಲಿನ ತರಗತಿಗೆ ಬರುವ ಹೊತ್ತಿಗೆ ಕಾಕಾನ ಅಂಗಡಿಯಲ್ಲಿ ಬಿಳಿ ಡಬ್ಬಿ ಬಂತು. 1959ರಲ್ಲಿ ಮುಂಬಯಿಯಲ್ಲಿ ಬಲವಂತರಾಯ್ ಪಾರೇಖ್ ಶುರುಮಾಡಿದ ಕಂಪನಿಯ ಫೆವಿಕಾಲು. ಕುದಿಸುವುದು ಬೇಡ, ನಾತವಿಲ್ಲ, ಮುಚ್ಚಳ ತೆಗೆದು ಹಚ್ಚುವುದು. ಕಾಕಾ ಸರೇಸಿನ ಪಾತ್ರೆಯನ್ನು ತೊಳೆದು ಎಮ್ಮೆಗೆ ನೀರಿಡಲು ಕೊಟ್ಟ. ಇದು ರಸಾಯನಶಾಸ್ತ್ರದ ಅಂಟು, ನೀರಿನಲ್ಲಿ ಹಾಲಿನಂತೆ ಹರಡಿಕೊಂಡ ಪ್ಲಾಸ್ಟಿಕ್ಕಿನ ಕಣಗಳು. ಮರ ನೀರನ್ನು ಕುಡಿಯುತ್ತಿದ್ದಂತೆ ಕಣಗಳು ಒಂದಕ್ಕೊಂದು ಒತ್ತಿಕೊಂಡು ಪದರಾಗುತ್ತವೆ. ಡಬ್ಬಿಯಲ್ಲಿ ನೀರು ಹೋಗಲು ದಾರಿಯಿಲ್ಲ, ಅದಕ್ಕೇ ಅಲ್ಲಿ ಗಟ್ಟಿಯಾಗುವುದಿಲ್ಲ.

ದೊಡ್ಡ ಕಾರ್ಖಾನೆಗಳಿಗೆ ಇಷ್ಟು ಸಾಲದು. ಪ್ಲೈವುಡ್ಡಿನ ಒಂದೊಂದು ಹಾಳೆಗೂ ಒಂದು ದಿನ ಕಾಯುತ್ತ ಕೂತರೆ ಕಾರ್ಖಾನೆ ನಡೆಯುವುದೆಂತು? ನಿಮಿಷಗಳಲ್ಲಿ ಗಟ್ಟಿಯಾಗಬೇಕು, ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಗಟ್ಟಿಯಾಗಬಾರದು. ಅಪ್ಪನ ಪ್ರಶ್ನೆಯೇ, ಅಳತೆ ಮಾತ್ರ ದೊಡ್ಡದು. ಬೆಂಗಳೂರಿನಲ್ಲಿ ಪ್ಲೈವುಡ್ ಉದ್ಯಮಕ್ಕೆಂದೇ 1962ರಲ್ಲಿ ಸಂಶೋಧನಾ ಸಂಸ್ಥೆಯೊಂದು ಹುಟ್ಟಿಕೊಂಡಿತು, ಇಂಥ ಅಂಟುಗಳ ಮೇಲೆ ಅಲ್ಲಿ ದಶಕಗಳ ಕಾಲ ಕೆಲಸ ನಡೆಯಿತು. ಪ್ಲೈವುಡ್ಡಿಗೆ ಬಳಸುವ ಯೂರಿಯಾ ಫಾರ್ಮಾಲ್ಡಿಹೈಡ್ ಎಂಬ ಅಂಟಿಗೆ ಗಟ್ಟಿಕಾರಕವೆಂದು ಬೆರೆಸುವುದು ಅಮೋನಿಯಂ ಕ್ಲೋರೈಡ್. ಇದೇನೆಂದು ನಮ್ಮ ವಿಜ್ಞಾನದ ಸರ್ ಅವರನ್ನು ಕೇಳಿದೆ. ಅವರು ನಕ್ಕು, "ಹಿತ್ತಾಳಿ ಪಾತ್ರೆಗೆ ಕಲಾಯಿ ಹಾಕೋರು ತರ್ತಿದ್ರಲ್ಲ ಮೇಡಂ, ನವಸಾಗರ, ಅದೇ" ಎಂದರು. ನವಸಾಗರವನ್ನು ಮೊದಲೇ ಹಾಕಿಟ್ಟರೆ ಪೀಪಾಯಿಯೇ ಕಲ್ಲು. ಹಚ್ಚುವ ಮುನ್ನ ಬೆರೆಸಿ, ಬಿಸಿ ಒತ್ತುಯಂತ್ರಕ್ಕೆ ಕೊಟ್ಟರೆ ಕೆಲವೇ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

1940ರ ದಶಕದಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಅರಾಲ್ಡೈಟಿಗೆ ಎರಡು ಟ್ಯೂಬು ಇರುವುದೂ ಇದೇ ಕಾರಣಕ್ಕೆ. ಒಂದರಲ್ಲಿ ಅಂಟು, ಇನ್ನೊಂದರಲ್ಲಿ ಗಟ್ಟಿಕಾರಕ. ಸುಣ್ಣ ಬೇರೆ, ಸುರ್ಕಿ ಬೇರೆ. ಇದಕ್ಕೂ ಮುಂದೆ ಹೋಗಿ ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟು ನಿದ್ದೆ ಮಾಡಿಸುವ ವಿದ್ಯೆಯನ್ನೂ ಕಲಿತಿದ್ದಾರೆ. ಡೈಸಯನ್‌ಡೈಅಮೈಡ್ ಎಂಬ ಒಂದು ಪುಡಿ ಈ ಜಾತಿಯ ಅಂಟಿನೊಳಗೆ ಕರಗದೆ ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ. ಒಲೆಯಲ್ಲಿ 160–180 ಡಿಗ್ರಿ ಶಾಖ ಕೊಟ್ಟರೆ ಎದ್ದು ಕೆಲಸ ಮಾಡುತ್ತದೆ. ಅಷ್ಟು ಶಾಖ ದುಬಾರಿ, ಬೇಗ ಎಬ್ಬಿಸೋಣವೆಂದು ಚುರುಕುಕಾರಕ ಬೆರೆಸಿದರೆ ಡಬ್ಬಿಯಲ್ಲಿ ಅದರ ನಿದ್ದೆಯೂ ಕೆಡುತ್ತದೆ. ವಿಮಾನ ಕಟ್ಟುವವರು ಅಂಟಿನ ಹಾಳೆಗಳನ್ನು ಸೊನ್ನೆಗಿಂತ 18 ಡಿಗ್ರಿ ಕೆಳಗೆ ಹಿಮಪೆಟ್ಟಿಗೆಯಲ್ಲಿಡುವುದು ಆ ನಿದ್ದೆ ಕೆಡದಿರಲೆಂದು. ಒಂದನ್ನು ಎಳೆದರೆ ಇನ್ನೊಂದು ಜಾರುತ್ತದೆ.

ಶಾಖದ ಲೆಕ್ಕವನ್ನು ಸರ್ ಸರಳವಾಗಿ ಹೇಳಿದರು. ಹತ್ತು ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕೆಲಸ ಹೆಚ್ಚುಕಡಿಮೆ ಎರಡು ಪಟ್ಟು ಚುರುಕಾಗುತ್ತದೆ. ಅಂದರೆ 25 ಡಿಗ್ರಿಯಲ್ಲಿ ಒಂದು ವರ್ಷ ಬಾಳುವ ಡಬ್ಬಿ 45 ಡಿಗ್ರಿಯಲ್ಲಿ ಮೂರು ತಿಂಗಳೂ ಬಾಳುವುದು ಕಷ್ಟ. ಡಬ್ಬಿಯ ಮೇಲೆ ‘ತಂಪಾದ ಸ್ಥಳದಲ್ಲಿಡಿ’ ಎಂದು ಬರೆದಿರುತ್ತಾರೆ. ಮೇ ತಿಂಗಳ ರಾಯಚೂರಿನಲ್ಲಿ, ತಗಡಿನ ಅಂಗಡಿಯೊಳಗೆ, ತಂಪಾದ ಸ್ಥಳ ಎಲ್ಲಿದೆಯೋ ಬರೆದವರೇ ಬಂದು ತೋರಿಸಬೇಕು.

ಇಷ್ಟಾದ ಮೇಲೆ ಹುಡುಗನಿಗೆ ಉತ್ತರ ಕೊಟ್ಟೆ. ಅವನ ಬೆರಳಿಗೆ ಹತ್ತಿದ ಅಂಟಿನ ಮೂಲ 1942ರಲ್ಲಿ ಅಮೆರಿಕದ ಕೊಡಕ್ ಕಂಪನಿಯ ಹ್ಯಾರಿ ಕೂವರ್ ಎಂಬವರ ಕೈಗೆ ಸಿಕ್ಕಿತು. ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ಕು ಹುಡುಕುತ್ತಿದ್ದರು. ಈ ಪದಾರ್ಥ ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆಂದು ಬೇಸತ್ತು ಕೈಬಿಟ್ಟರು. 1951ರಲ್ಲಿ ಅವರ ಜೊತೆಗಾರ ಫ್ರೆಡ್ ಜಾಯ್ನರ್ ಬೆಲೆಬಾಳುವ ಉಪಕರಣವೊಂದರ ಎರಡು ಗಾಜುಗಳ ನಡುವೆ ಅದನ್ನು ಹಾಕಿ ನೋಡಿದಾಗ ಗಾಜುಗಳು ಬಿಡಿಸಲಾಗದಂತೆ ಕೂಡಿಕೊಂಡವು. ಆಗ ಕೂವರ್‌ಗೆ ಹೊಳೆಯಿತು. 1958ರಲ್ಲಿ ಅದು ಮಾರಾಟಕ್ಕೆ ಬಂತು. ಅದು ಗಟ್ಟಿಯಾಗುವುದು ಗಾಳಿಯಿಂದಲ್ಲ, ನೀರಿನ ಪಸೆಯಿಂದ. ನಮ್ಮ ಬೆರಳಿನ ಬೆವರು ಬೇಕಾದಷ್ಟಾಯಿತು. ಟ್ಯೂಬಿನೊಳಗೆ ಪಸೆ ಹೋಗದಂತೆ ಮುಚ್ಚಿರುತ್ತಾರೆ, ಮೇಲೆ ಕಾವಲಿಗೆ ಅತಿ ಸ್ವಲ್ಪ ಆಮ್ಲ ಬೆರೆಸಿರುತ್ತಾರೆ. ಆಮ್ಲ ಹೆಚ್ಚಾದರೆ ಬೆರಳಿಗೂ ಬೇಗ ಅಂಟದು, ಕಡಿಮೆಯಾದರೆ ಅಂಗಡಿಯಲ್ಲೇ ಕಲ್ಲಾಗುತ್ತದೆ. ಹುಡುಗ ಕೇಳಿ, "ಅಂದ್ರ ನಿಮ್ಮಪ್ಪನ ಮೈಲುತುತ್ತದಂಗ" ಎಂದ. ಪೂರ್ತಿ ಸರಿಯಲ್ಲ, ಪೂರ್ತಿ ತಪ್ಪೂ ಅಲ್ಲ. ನಾನು ತಿದ್ದಲಿಲ್ಲ.

ಇದೆಲ್ಲ ಬರೀ ಕುತೂಹಲಕ್ಕಾಗಿ ಹುಡುಕಿದ್ದಾಗಿದ್ದರೆ ಬರೆಯುತ್ತಿರಲಿಲ್ಲ. ನನ್ನ ಮನಸ್ಸಿನಲ್ಲಿ ಹತ್ತು ವರ್ಷದ ಹಿಂದಿನ ಒಂದು ಸಂಗತಿ ಕೂತಿದೆ.

2014ರಲ್ಲಿ ನಾನು ದೇವದುರ್ಗ ತಾಲೂಕಿನ ಒಂದು ಊರಿನ ಶಾಲೆಯಲ್ಲಿ ಪ್ರಭಾರಿ ಮುಖ್ಯಶಿಕ್ಷಕಿಯಾಗಿದ್ದೆ. 2012ರ ಕೊನೆಗೆ ಸಂಸತ್ತು ಒಪ್ಪಿದ 371ಜೆ ತಿದ್ದುಪಡಿಯಿಂದ ನಮ್ಮ ಹೈದರಾಬಾದ್ ಕರ್ನಾಟಕದವರಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಬಂದಿತ್ತು. ಅದಕ್ಕೆ ಇಲ್ಲಿಯವರೆಂಬ ಪ್ರಮಾಣಪತ್ರ ಬೇಕು, ಪ್ರಮಾಣಪತ್ರಕ್ಕೆ ದಾಖಲೆ ಬೇಕು. ದಿನವೂ ಯಾರಾದರೂ ಹಳೆಯ ವಿದ್ಯಾರ್ಥಿಗಳು ಬರುತ್ತಿದ್ದರು. ಹಾಗೆ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದಳು. ಗುಳೆ ಹೋಗಿ ಹೋಗಿ ಊರಲ್ಲಿದ್ದ ಕಾಗದವೆಲ್ಲ ಕಳೆದಿದ್ದವು. ಹೆಸರಿನಲ್ಲಿ ಹೊಲವಿಲ್ಲ. ಮಗ ನೌಕರಿಗೆ ಅರ್ಜಿ ಹಾಕಬೇಕು.

"ನಾಕನೇ ಇಯತ್ತೆ ತನಕ ಇದ ಸಾಲ್ಯಾಗ ಓದೀನ್ರಿ ಅಕ್ಕೋರ. ಆಮ್ಯಾಲ ಕಳೆ ಕೀಳಾಕ ಬಿಡಿಸಿದ್ರು. ನನ್ನ ಹೆಸರು ಇರಬೇಕು ನೋಡ್ರಿ."

ಕಪಾಟು ತೆಗೆದು ದಾಖಲಾತಿ ಪುಸ್ತಕ ಕೆಳಗಿಳಿಸಿದೆ. ಕೈಯಲ್ಲಿ ರಟ್ಟು ಉಳಿಯಿತು, ಹಾಳೆಗಳು ಜಾರಿ ನೆಲಕ್ಕೆ ಬಿದ್ದವು. ಬೆನ್ನಿನಿಂದ ಹಳದಿ ಹರಳುಗಳು ಉದುರಿದವು. ಒಂದು ಹೊಲಿಗೆ ಕೂಡ ಹಾಕಿರಲಿಲ್ಲ, ಬರೀ ಅಂಟಿನ ಮೇಲೆ ನಿಲ್ಲಿಸಿದ ಜಿಲ್ದು. ಬಿದ್ದ ಹಾಳೆಗಳನ್ನು ಜೋಡಿಸಿದರೆ ನಡುವಿನ ಎರಡು ವರ್ಷದ ಹಾಳೆಗಳೇ ಇಲ್ಲ. ಯಾವಾಗ ಸಡಿಲಾಗಿ ಬಿದ್ದವೋ, ಯಾರು ಗುಡಿಸಿದರೋ. ಅವಳ ಹೆಸರು ಆ ಎರಡು ವರ್ಷದಲ್ಲಿತ್ತು. ಅದೇ ಕಪಾಟಿನಲ್ಲಿ ಅದಕ್ಕಿಂತ ಹಳೆಯದು, 1960ರ ದಶಕದ್ದು, ದಾರ ಹಾಕಿ ಹೊಲಿದು ಖಳ ಹಚ್ಚಿದ ಪುಸ್ತಕ ಗಟ್ಟಿಯಾಗಿ ಕೂತಿತ್ತು.

ಆ ಶಾಲೆಯ ಅಧಿಕಾರ ವಹಿಸಿಕೊಂಡ ದಿನ ‘ದಾಖಲೆಗಳೆಲ್ಲ ಸುಸ್ಥಿತಿಯಲ್ಲಿವೆ’ ಎಂಬ ಕಾಗದಕ್ಕೆ ನಾನು ರುಜು ಹಾಕಿದ್ದೆ. ಕಪಾಟಿನ ಬಾಗಿಲು ತೆಗೆದು ನೋಡಿರಲಿಲ್ಲ. ಜಿಲ್ದುಗಾರನ ಮಗಳು, ಒಂದು ಪುಸ್ತಕದ ಬೆನ್ನು ಮುಟ್ಟಿ ನೋಡಿದ್ದರೂ ತಿಳಿಯುತ್ತಿತ್ತು.

ಎರಡು ತಿಂಗಳು ಹುಡುಕಿದೆವು. ಹಳೆಯ ಉತ್ತರ ಪತ್ರಿಕೆಗಳ ಕಟ್ಟಿನ ಕೆಳಗೆ ಮೂರನೇ ಇಯತ್ತೆಯ ಒಂದು ಹಾಜರಿ ಪುಸ್ತಕ ಸಿಕ್ಕಿತು. ದಬ್ಬಣದಿಂದ ಚುಚ್ಚಿ ಹುರಿ ಕಟ್ಟಿದ್ದು, ಅಂಟಿನ ಸೋಂಕೇ ಇಲ್ಲ. ಅದರಲ್ಲಿ ಅವಳ ಹೆಸರು, ಮುಂದೆ ಹಾಜರಿಯ ಗೆರೆಗಳು. ಅದನ್ನು ಹಿಡಿದು ಬರೆದುಕೊಟ್ಟೆ, ಪ್ರಮಾಣಪತ್ರ ಆಯಿತು. ಅಷ್ಟರಲ್ಲಿ ಅರ್ಜಿಯ ಕೊನೆಯ ದಿನ ಮುಗಿದುಹೋಗಿತ್ತು. ಹುಡುಗ ಆ ವರ್ಷ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದ. ತಾಯಿ ಒಂದು ಮಾತೂ ಬೈಯಲಿಲ್ಲ. ಹಾಜರಿ ಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟು, "ಎಷ್ಟ ದಿನ ಬಂದೀನ್ರಿ ಅಕ್ಕೋರ ನಾನು?" ಎಂದು ಕೇಳಿದಳು. ಎಣಿಸಿ ಹೇಳಿದೆ. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಉದುರಿದ ಹರಳುಗಳನ್ನು ಕಾಗದದಲ್ಲಿ ಕಟ್ಟಿಕೊಂಡು ರಾಯಚೂರಿಗೆ ಹೋದಾಗ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಮುದುಕರೊಬ್ಬರಿಗೆ ತೋರಿಸಿದೆ. ಉಗುರಿನಿಂದ ಒತ್ತಿ, ಮೂಸಿ ನೋಡಿದರು. "ಇದು ಡಬ್ಬ್ಯಾಗ ಅರ್ಧ ಸತ್ತ ಅಂಟು ಬೇಟಿ. ಹಳೇ ಮಾಲು ಸಸ್ತಾದಾಗ ತಂದಿರ್ತಾರ, ನೀರು ಹಾಕಿ ತೆಳ್ಳಗ ಮಾಡಿ ಹಚ್ಚಿರ್ತಾರ. ಬಿಲ್ಲು ಪಾಸಾಗೋ ತನಕ ಹಿಡೀತದ, ನಲವತ್ತು ವರ್ಷ ಹಿಡಿಯಂಗಿಲ್ಲ" ಎಂದರು. ಆಮೇಲೆ ಹೊಲಿಗೆ ಹಾಕುವುದನ್ನು ನನಗೆ ಮತ್ತೊಮ್ಮೆ ಮೊದಲಿನಿಂದ ತೋರಿಸಿಕೊಟ್ಟರು. ಸಣ್ಣವಳಿದ್ದಾಗ ಬರೀ ಖಳ ತಿರುವಿದವಳು ನಾನು, ದಾರ ಹಿಡಿದಿರಲಿಲ್ಲ.

ಈಗ ಮಕ್ಕಳ ವಿವರವೆಲ್ಲ ಕಂಪ್ಯೂಟರಿಗೆ ಹೋಗುತ್ತದೆ. ಹಳೆಯ ಪುಸ್ತಕಗಳು ಮಾತ್ರ ಕಪಾಟಿನಲ್ಲೇ ಇವೆ, ಅವುಗಳಲ್ಲಿರುವವರು ಇನ್ನೂ ಬದುಕಿದ್ದಾರೆ. ಆದ್ದರಿಂದ ನಾನು ಹೋದ ಶಾಲೆಯಲ್ಲೆಲ್ಲ ಮೊದಲು ಕಪಾಟು ತೆಗೆಯುತ್ತೇನೆ. ಮಾನ್ವಿಗೆ ಬಂದ ಮೇಲೆ ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ನಾಲ್ಕಾರು ಮಕ್ಕಳನ್ನು ಕೂಡಿಸಿಕೊಂಡು ಒಂದೊಂದೇ ಪುಸ್ತಕ ಬಿಚ್ಚಿ ಹೊಲಿಯುತ್ತಿದ್ದೇವೆ. ಮೊದಲು ದಾರ, ಅದರ ಮೇಲೆ ಖಳ. ಹಳೆಯ ಕಾಗದಗಳನ್ನು ಕಾಪಾಡುವವರು ದೊಡ್ಡ ಗ್ರಂಥಾಲಯಗಳಲ್ಲಿ ಈಗಲೂ ಗೋಧಿಯ ಗಂಜಿಯಂಥ ಅಂಟನ್ನೇ ಮೆಚ್ಚುತ್ತಾರೆಂದು ತಿಳಿದು ಸಂತೋಷವಾಯಿತು. ಅದು ತಪ್ಪಾದರೆ ನೀರು ಸವರಿ ಬಿಡಿಸಬಹುದು, ಕಾಗದಕ್ಕೆ ನೋವಾಗುವುದಿಲ್ಲ. ಮೈಲುತುತ್ತ ನಾನು ಹಾಕುವುದಿಲ್ಲ. ಮಕ್ಕಳ ಕೈ, ಮೇಲಾಗಿ ತಾಮ್ರದ ಅಂಶ ಕಾಗದಕ್ಕೆ ಒಳ್ಳೆಯದಲ್ಲ. ಒಂದು ಲೋಟ ಹಿಟ್ಟಿನಷ್ಟೇ ಖಳ ಮಾಡುತ್ತೇವೆ. ಉಳಿದದ್ದನ್ನು ಇಡುವುದಿಲ್ಲ, ಅಂದೇ ಚಾರ್ಟು ಅಂಟಿಸಿ ಮುಗಿಸುತ್ತೇವೆ.

ಖಳ ತಿರುವುವುದು ಆ ಫೆವಿಕ್ವಿಕ್ಕಿನ ಹುಡುಗನ ಕೆಲಸ. ಅವನಿಗೆ ಆ ಹೊಳಪು ಬರುವ ಕ್ಷಣ ತಪ್ಪದೆ ತಿಳಿಯುತ್ತದೆ. ಕೆಲಸ ಮಾತ್ರ ಬೇಗ ಸಾಗುವುದಿಲ್ಲ. ಹಾಳೆ ಮಡಿಸುವ ಮಕ್ಕಳು ನಡುನಡುವೆ ನಿಲ್ಲಿಸಿ, ತಮ್ಮ ಓಣಿಯ ಹೆಸರು, ಅಜ್ಜಂದಿರ ಹೆಸರು ಹುಡುಕುತ್ತ ಕೂರುತ್ತಾರೆ. ಸಿಕ್ಕರೆ ಗಟ್ಟಿಯಾಗಿ ಓದುತ್ತಾರೆ. ಖಳ ಆರುತ್ತದೆಂದು ನಾನು ಗದರುತ್ತೇನೆ, ಆಮೇಲೆ ನಾನೂ ಬಗ್ಗಿ ನೋಡುತ್ತೇನೆ.